ಜಲಸಹಿತ ಕ್ರಯ: ಕಡೂರು ಸೀಮೆಯಲ್ಲಿ ನೀರಿನ ತೆರಿಗೆ ಮತ್ತು ಮನೆ ಕೊಳ್ಳುವವರ ಹೊಣೆ

ಕನ್ನಡ ನಾಡಿನ ಕ್ರಯಪತ್ರಗಳಲ್ಲಿ ಇಂದಿಗೂ ಉಳಿದುಬಂದಿರುವ ಒಕ್ಕಣೆಯೊಂದಿದೆ. ಮನೆಯನ್ನಾಗಲಿ ಜಮೀನನ್ನಾಗಲಿ ಮಾರುವವರು ಅದನ್ನು ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಮುಂತಾದ ಅಷ್ಟಭೋಗ ತೇಜಸ್ವಾಮ್ಯಗಳ ಸಮೇತ ಕೊಳ್ಳುವವರಿಗೆ ಒಪ್ಪಿಸಿಕೊಡುತ್ತಾರೆ. ಪತ್ರ ಬರಹಗಾರರ ಕೈಯಲ್ಲಿ ಈ ಪಟ್ಟಿ ಸಾಕಷ್ಟು ಸವೆದಿದೆ. ಕೆಲವು ಪತ್ರಗಳಲ್ಲಿ ಎಂಟು ಆರಾಗಿರುವುದೂ ಉಂಟು. ದಾನಶಾಸನಗಳಲ್ಲಿ ಅದರ ರೂಪ ಹೆಚ್ಚು ಸ್ಥಿರವಾದುದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹಣ, ನೀರು, ಕಲ್ಲು, ಮುಂದೆ ಬರಬಹುದಾದ ಆದಾಯ, ಇವೆಲ್ಲವೂ ಪಡೆದವರ ಭೋಗಕ್ಕೆ ಸಲ್ಲುತ್ತವೆಂಬುದು ಅದರ ತಾತ್ಪರ್ಯ. ಗಮನಿಸಬೇಕಾದ ಸಂಗತಿಯೆಂದರೆ ಈ ಪಟ್ಟಿಯಲ್ಲಿ ಭೋಗಗಳಷ್ಟೇ ಇವೆ, ಭಾರಗಳಿಲ್ಲ. ಜಲವನ್ನು ಪಡೆದವರು ಆ ಜಲಕ್ಕಾಗಿ ಯಾರಿಗೆ ಏನು ಸಲ್ಲಿಸಬೇಕೆಂಬುದನ್ನು ಪತ್ರ ಹೇಳುವುದಿಲ್ಲ. ಹಾಗಾದರೆ ಅದನ್ನು ಕೊಳ್ಳುವವರು ಎಲ್ಲಿಂದ ಅರಿಯುತ್ತಿದ್ದರು, ಇಂದು ಎಲ್ಲಿಂದ ಅರಿಯಬೇಕು ಎಂಬ ಪ್ರಶ್ನೆಯನ್ನು ಕಡೂರು ತಾಲ್ಲೂಕಿನ ದೇವನೂರನ್ನೂ ಅದರ ಸುತ್ತಲಿನ ಸೀಮೆಯನ್ನೂ ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ದೇವನೂರು ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವುದು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶ ಮತ್ತು ಆತನ ಆರಾಧ್ಯದೈವವಾದ ಲಕ್ಷ್ಮೀಕಾಂತನ ದೇವಾಲಯ. ನೀರಿನ ದೃಷ್ಟಿಯಿಂದ ಈ ಊರಿನ ಪರಿಚಯವನ್ನು ಬೇರೊಂದು ಬಗೆಯಲ್ಲಿ ಮಾಡಿಕೊಳ್ಳಬೇಕಾಗುತ್ತದೆ. ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಫಿ ತೋಟ ಮತ್ತು ಎಡೆಬಿಡದ ಮಳೆ. ಕಡೂರು ಸೀಮೆ ಆ ಚಿತ್ರಕ್ಕೆ ಹೊಂದುವುದಿಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವಕ್ಕೆ, ಅದರ ಮಳೆನೆರಳಿನಲ್ಲಿ ಇದು ಹರಡಿಕೊಂಡಿದೆ. ಬೆಟ್ಟದ ಪೂರ್ವದ ಇಳಿಜಾರಿನಿಂದ ಎರಡು ತೊರೆಗಳು ಈ ಬಯಲಿಗೆ ಇಳಿಯುತ್ತವೆ. ಗೌರಿಹಳ್ಳವು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸಿ ವೇದಾ ಎಂಬ ಹೆಸರಿನಲ್ಲಿ ಮುಂದೆ ಹರಿಯುತ್ತದೆ. ಅವತಿ ಮದಗದ ಕೆರೆಯನ್ನು ತುಂಬಿಸುತ್ತದೆ. ಇವೆರಡೂ ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯಾಗಿ ಹಿರಿಯೂರಿನ ಕಡೆಗೆ ಸಾಗುತ್ತವೆ. ಬೆಟ್ಟದ ನೀರನ್ನು ಬಯಲಿನಲ್ಲಿ ತಡೆದು ನಿಲ್ಲಿಸಿದ ಕೆರೆಗಳಿಲ್ಲದಿದ್ದರೆ ಈ ಸೀಮೆಯ ತೆಂಗು, ಅಡಕೆ, ಭತ್ತಗಳಿಗೆ ಆಧಾರವೇ ಇರುತ್ತಿರಲಿಲ್ಲ. ಆದುದರಿಂದ ಇಲ್ಲಿ ನೀರು ಪ್ರಕೃತಿಯ ಕೊಡುಗೆ ಎನ್ನುವುದಕ್ಕಿಂತ ಜನರ ದುಡಿಮೆ ಎನ್ನುವುದೇ ಸರಿ. ದುಡಿಮೆ ಇದ್ದೆಡೆ ಅದರ ವೆಚ್ಚವೂ, ವೆಚ್ಚ ಇದ್ದೆಡೆ ಅದನ್ನು ಹಂಚುವ ಕ್ರಮವೂ ಇರಲೇಬೇಕು.

ಆ ಕ್ರಮದ ಘಟಕ ಕೆರೆಯ ಅಚ್ಚುಕಟ್ಟು. ತೂಬಿನಿಂದ ಹೊರಟ ನೀರು ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗಿನ ಭೂಮಿ ಕೆರೆಯ ಹೊಣೆಗೆ ಒಳಪಟ್ಟಿತ್ತು. ಆಡಳಿತದ ಗಡಿಯೂ ಅಚ್ಚುಕಟ್ಟಿನ ಗಡಿಯೂ ಒಂದೇ ಆಗಿರಬೇಕೆಂದೇನೂ ಇರಲಿಲ್ಲ. ಒಂದು ಕೆರೆಯ ಅಚ್ಚುಕಟ್ಟು ಎರಡು ಮೂರು ಊರುಗಳಿಗೆ ಹಬ್ಬಿರುತ್ತಿತ್ತು, ಒಂದೇ ಊರಿನ ಹೊಲಗಳು ಎರಡು ಕೆರೆಗಳ ಹೊಣೆಗೆ ಸೇರಿರುತ್ತಿದ್ದವು. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ ಶಾಸನಗಳಿವೆ. ಇವುಗಳ ಜೊತೆಗೆ ನಾಡಿನ ಇತರ ಭಾಗಗಳ ಶಾಸನಗಳನ್ನೂ ಇಟ್ಟು ಓದಿದರೆ ನೀರಿನ ವೆಚ್ಚಕ್ಕೆ ಸಂಬಂಧಿಸಿದ ಪರಿಭಾಷೆಯೇ ಕಾಣಸಿಗುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಬೆಳೆಯಲ್ಲಿ ಬಿಟ್ಟ ಪಾಲು ಬಿತ್ತುವಟ್ಟ. ಅದೇ ಉದ್ದೇಶಕ್ಕೆ ಕೊಟ್ಟ ಮಾನ್ಯ ಕಟ್ಟುಗೊಡಗೆ ಅಥವಾ ಕೆರೆಗೊಡಗೆ. ಹತ್ತರಲ್ಲೊಂದು ಪಾಲಿನ ಲೆಕ್ಕದ್ದು ದಸವಂದ. ಇವುಗಳ ನಡುವಿನ ಸೂಕ್ಷ್ಮ ಭೇದಗಳ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಅವುಗಳಲ್ಲಿ ಸಮಾನವಾಗಿರುವ ಲಕ್ಷಣ: ಈ ಸಲ್ಲಿಕೆಗಳು ವ್ಯಕ್ತಿಗೆ ಅಂಟಿದವಲ್ಲ, ನೆಲಕ್ಕೆ ಅಂಟಿದವು. ಗದ್ದೆ ಕೈ ಬದಲಾದರೆ ಗದ್ದೆಯ ಜೊತೆಗೆ ಅದರ ನೀರೂ, ನೀರಿನ ಜೊತೆಗೆ ಅದರ ಸಲ್ಲಿಕೆಯೂ ಹೊಸಬರಿಗೆ ದಾಟುತ್ತಿದ್ದವು.

ಹೊಸಬರಿಗೆ ಇದು ತಿಳಿಯದೆ ಹೋಗುವ ಸಂಭವ ತೀರ ಕಡಿಮೆಯಿತ್ತು. ಶಾಸನದ ಕಲ್ಲು ತೂಬಿನ ಬಳಿಯೋ ಏರಿಯ ಮೇಲೋ ದೇವಾಲಯದ ಅಂಗಳದಲ್ಲೋ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿರುತ್ತಿತ್ತು. ಅದನ್ನು ಓದಬಲ್ಲವರು ವಿರಳವಾಗಿದ್ದರೂ ಅದು ಏಕೆ ನಿಂತಿದೆಯೆಂಬುದನ್ನು ಊರು ಬಲ್ಲದಾಗಿತ್ತು. ಹೂಳೆತ್ತುವ, ಏರಿಗೆ ಮಣ್ಣು ಹಾಕುವ ಕೆಲಸಕ್ಕೆ ಡಂಗುರ ಸಾರಿದಾಗ ಯಾವ ಮನೆಯಿಂದ ಎಷ್ಟು ಆಳು ಬರಬೇಕೆಂಬುದು ತೀರ್ಮಾನವಾಗುತ್ತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯವನ್ನು ಪಡೆಯುತ್ತಿದ್ದ ನೀರುಗಂಟಿಯೇ ಒಂದು ಜೀವಂತ ಲೆಕ್ಕಪುಸ್ತಕವಾಗಿದ್ದ. ಗೌಡ, ಶಾನುಭೋಗ, ತಳವಾರ, ತೋಟಿ ಮೊದಲಾದ ಆಯಗಾರರ ಸಾಲಿನಲ್ಲಿ ಅವನಿಗೂ ಸ್ಥಾನವಿತ್ತು. ತೂಬು ತೆಗೆಯುವುದು, ಮುಚ್ಚುವುದು, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ಕಾಲ ನೀರೆಂಬುದನ್ನು ನಿರ್ಧರಿಸುವುದು ಅವನ ಅಧಿಕಾರ. ಗದ್ದೆ ಕೊಂಡವರು ಮೊದಲ ಬೆಳೆಯನ್ನು ಒಕ್ಕುವ ಹೊತ್ತಿಗೆ ಅವನು ಕಣದಲ್ಲಿ ಹಾಜರಿರುತ್ತಿದ್ದ. ಅರಿವಿಲ್ಲದೆ ಕೊಂಡೆವು ಎಂದು ವಾದಿಸುವುದಕ್ಕೆ ಆ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲ.

ಮನೆಯ ವಿಷಯ ಇದಕ್ಕಿಂತ ತುಸು ಭಿನ್ನ. ಶಾಸನಗಳಲ್ಲಿ ಮನೆವಣವೆಂಬ ಮನೆತೆರಿಗೆ ಕಾಣಿಸಿಕೊಳ್ಳುತ್ತದಾದರೂ ಕುಡಿಯುವ ನೀರಿಗೆ ಪ್ರತ್ಯೇಕ ತೆರಿಗೆಯೆಂಬ ಕಲ್ಪನೆ ಹಳ್ಳಿಯ ಬದುಕಿನಲ್ಲಿ ಬೇರೂರಿರಲಿಲ್ಲ. ಮನೆಯ ಬೆಲೆಯನ್ನು ನಿರ್ಧರಿಸುತ್ತಿದ್ದುದು ಹಿತ್ತಿಲಿನ ಸೇದುವ ಬಾವಿ. ವಿಭಾಗಪತ್ರಗಳಲ್ಲಿ ಬಾವಿಯನ್ನು ಅರ್ಧ, ಕಾಲು ಎಂದು ಹಂಚಿರುವುದೂ, ಬಾವಿಗೆ ಹೋಗುವ ಓಣಿಯ ಹಕ್ಕನ್ನು ವಿಶೇಷವಾಗಿ ನಮೂದಿಸಿರುವುದೂ ಸಾಮಾನ್ಯ. ಅಂಥ ಮನೆಯನ್ನು ಕೊಂಡವರಿಗೆ ಕಾಲು ಬಾವಿಯ ನೀರಿನ ಜೊತೆಗೆ ಅದರ ಹೂಳೆತ್ತಿಸುವ ವೆಚ್ಚದಲ್ಲಿ ಕಾಲು ಪಾಲೂ ಬರುತ್ತಿತ್ತು. ಬಾವಿಯಿಲ್ಲದ ಮನೆಗಳವರು ಊರ ಬಾವಿಯನ್ನೋ ಕೆರೆಯನ್ನೋ ಆಶ್ರಯಿಸಬೇಕಾಗಿತ್ತು. ಆ ಆಶ್ರಯವೂ ಎಲ್ಲರಿಗೂ ಸಮಾನವಾಗಿರಲಿಲ್ಲ. ಯಾವ ಕೇರಿಯವರು ಯಾವ ಬಾವಿಯನ್ನು ಮುಟ್ಟಬಹುದು ಎಂಬ ಕಟ್ಟಳೆ ಮನೆಯ ಬೆಲೆಯೊಳಗೇ ಸೇರಿಹೋಗಿತ್ತು. ಹಳೆಯ ಜಲವ್ಯವಸ್ಥೆಯನ್ನು ಕೇವಲ ಸಹಕಾರದ ಮಾದರಿಯಾಗಿ ಕೊಂಡಾಡುವ ಬರಹಗಳು ಈ ಮಾತನ್ನು ಬಿಟ್ಟುಬಿಡುವುದುಂಟು.

ವೆಚ್ಚವನ್ನು ನಿಜವಾಗಿ ತೆತ್ತವರು ಯಾರೆಂಬುದನ್ನು ಜನಪದ ಕಥನಗಳು ಹೆಚ್ಚು ನಿಷ್ಠುರವಾಗಿ ಹೇಳುತ್ತವೆ. ‘ಕೆರೆಗೆ ಹಾರ’ದ ಭಾಗೀರಥಿ ಎಲ್ಲರಿಗೂ ಪರಿಚಿತಳು. ಕಡೂರು ಸೀಮೆಗೆ ಅದರದೇ ಆದ ಕಥೆಯೊಂದಿದೆ. ಶಕುನಗಿರಿಯ ಬದಿಯ ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂಬುದು ಸ್ಥಳೀಯ ಐತಿಹ್ಯ. ಆ ಕೆರೆಯ ಚಾಕರಿಯಲ್ಲಿದ್ದ ಹೊನ್ನಬಿಲ್ಲನೆಂಬವನಿಗೆ ಕೆರೆಯ ದೇವತೆ ಕಾಣಿಸಿಕೊಂಡು, ತಾನು ಏರಿಯನ್ನೊಡೆದು ಹೊರಡುವೆನೆಂದಳಂತೆ. ರಾಜನಿಗೆ ಸುದ್ದಿ ಮುಟ್ಟಿಸಿ ಹಿಂತಿರುಗುವವರೆಗೆ ತಾಳಬೇಕೆಂದು ಅವನು ಬೇಡಿದ, ಅವಳು ಒಪ್ಪಿದಳು. ಅವನು ಓಡಿಹೋಗಿ ವಿಷಯ ತಿಳಿಸಿದ. ಇವನು ಹಿಂತಿರುಗದಿದ್ದರೆ ದೇವತೆ ಮಾತಿಗೆ ಕಟ್ಟುಬಿದ್ದು ಎಂದೆಂದಿಗೂ ಕಾಯುತ್ತಲೇ ಇರುವಳೆಂದು ಎಣಿಸಿದ ರಾಜ ಅವನನ್ನು ಅಲ್ಲಿಯೇ ಕೊಲ್ಲಿಸಿದ. ಕೆರೆ ಉಳಿಯಿತು. ಸಖರಾಯಪಟ್ಟಣದಲ್ಲಿ ಅವನ ಸ್ಮಾರಕವನ್ನು ತೋರಿಸುವ ವಾಡಿಕೆಯಿದೆ. ಇಂಥದೇ ಆಶಯದ ಕಥೆಗಳು ದಕ್ಷಿಣ ಭಾರತದ ಇತರ ಕೆರೆಗಳಿಗೂ ಅಂಟಿಕೊಂಡಿವೆ. ಈ ಕಥೆಯಲ್ಲಿ ಬೆಲೆ ತೆತ್ತವನು ಅಚ್ಚುಕಟ್ಟಿನ ಒಡೆಯನಲ್ಲ, ಕೆರೆಯ ಚಾಕರ. ತನ್ನ ಮಾತನ್ನು ಉಳಿಸಿಕೊಂಡವಳು ದೇವತೆ. ಒಂದು ಜೀವವನ್ನು ಲೆಕ್ಕ ಹಾಕಿ ತೆಗೆದವನು ದೊರೆ. ನೀರಿನಿಂದ ಯಾರಿಗೆ ಲಾಭ, ಅದರ ವೆಚ್ಚ ಯಾರಿಗೆ ಎಂಬ ಪ್ರಶ್ನೆಯನ್ನು ಇದಕ್ಕಿಂತ ನೇರವಾಗಿ ಕೇಳಿದ ದಾಖಲೆ ಸರ್ಕಾರಿ ಕಡತಗಳಲ್ಲಿ ದೊರೆಯುವುದು ಕಷ್ಟ.

ಮೈಸೂರು ಸಂಸ್ಥಾನದ ಕಂದಾಯ ವ್ಯವಸ್ಥೆ ಭೂಮಿಯನ್ನು ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸಿತು. ಕೆರೆನೀರಿನ ಪ್ರಯೋಜನ ಪಡೆಯುವ ತರಿ ಜಮೀನಿಗೆ ಹೆಚ್ಚಿನ ದರ. ನೀರಿನ ಬೆಲೆ ಭೂಕಂದಾಯದ ಮೊತ್ತದೊಳಗೇ ಅಡಗಿತು. ಕಲ್ಲು, ಕಣ, ಡಂಗುರಗಳಲ್ಲಿ ಕಾಣುತ್ತಿದ್ದ ಹೊಣೆ ಪಹಣಿಯ ಒಂದು ಅಂಕಣದ ಒಂದು ಪದಕ್ಕೆ ಇಳಿದುದು ಹೀಗೆ. ದುರಸ್ತಿಯ ಕೆಲಸದಲ್ಲಿ ರೈತರ ಪಾಲು ಕ್ಷೀಣಿಸಿದುದನ್ನು ಕಂಡ ಸರ್ಕಾರ ೧೯೧೧ರ ಕೆರೆ ಪಂಚಾಯಿತಿ ಶಾಸನದ ಮೂಲಕ ಹಳೆಯ ಕಟ್ಟಳೆಗೆ ಕಾನೂನಿನ ಬಲ ಕೊಡಲು ಯತ್ನಿಸಿತು. ರಾಜ್ಯ ಪುನರ್ವಿಂಗಡಣೆಯ ಬಳಿಕ ೧೯೫೭ರಲ್ಲಿ ನೀರಾವರಿ ಅಭಿವೃದ್ಧಿ ವಂತಿಗೆ ಮತ್ತು ನೀರಿನ ದರ ವಿಧಿಸುವ ಅಧಿನಿಯಮ, ೧೯೬೫ರಲ್ಲಿ ನೀರಾವರಿ ಅಧಿನಿಯಮ ಬಂದವು. ಸರ್ಕಾರಿ ಕಾಮಗಾರಿಯಿಂದ ನೆಲದ ಬೆಲೆ ಏರಿದರೆ ಆ ಏರಿಕೆಯ ಒಂದಂಶವನ್ನು ನೆಲದ ಒಡೆಯರು ವಂತಿಗೆಯಾಗಿ ತೆರಬೇಕೆಂಬುದು ಮೊದಲನೆಯದರ ತತ್ತ್ವ. ಇವೆರಡರ ನಡುವೆ, ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಬಿಟ್ಟಿ ಮತ್ತು ಜಾತಿನಿಷ್ಠ ಚಾಕರಿಯಿಂದ ಬಿಡುಗಡೆ ಕೊಟ್ಟ ಈ ಕ್ರಮ ಅಗತ್ಯವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ನೀರುಗಂಟಿಯ ತಲೆಯಲ್ಲಿದ್ದ ಲೆಕ್ಕವನ್ನು ಯಾರೂ ಬರೆದುಕೊಳ್ಳಲಿಲ್ಲ.

ಇಂದು ದೇವನೂರಿನಂಥ ಹಳ್ಳಿಯಲ್ಲಿ ಮನೆ ಕೊಳ್ಳುವವರ ಮುಂದಿರುವ ನೀರು ನಲ್ಲಿಯದು. ಅದರ ಮೂಲ ಬಹುತೇಕ ಕೊಳವೆಬಾವಿ ಅಥವಾ ಬಹುಗ್ರಾಮ ಯೋಜನೆ, ಅದರ ಒಡೆತನ ಗ್ರಾಮ ಪಂಚಾಯಿತಿಯದು. ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ೧೯೯ನೆಯ ಪ್ರಕರಣ ಪಂಚಾಯಿತಿಗೆ ಕಟ್ಟಡಗಳ ಮೇಲೆ ತೆರಿಗೆಯನ್ನೂ, ಒದಗಿಸಿದ ನೀರಿಗೆ ದರವನ್ನೂ ವಿಧಿಸುವ ಅಧಿಕಾರ ಕೊಟ್ಟಿದೆ. ಹಳ್ಳಿಗಳಲ್ಲಿ ಮಾಪಕಗಳು ಕಡಿಮೆ. ಆದ್ದರಿಂದ ದರ ಸಾಮಾನ್ಯವಾಗಿ ನಲ್ಲಿಯೊಂದಕ್ಕೆ ತಿಂಗಳಿಗೆ ಇಷ್ಟೆಂದು ನಿಗದಿಯಾಗಿರುತ್ತದೆ. ಇದರ ಹೊರತಾಗಿ ಬಂಡವಾಳದ ಪಾಲೊಂದಿದೆ. ೨೦೦೨ರಲ್ಲಿ ಆರಂಭವಾದ ಸ್ವಜಲಧಾರಾ ಯೋಜನೆ ಗ್ರಾಮಸ್ಥರಿಂದ ಶೇಕಡಾ ೧೦ರ ವಂತಿಗೆಯನ್ನು ಕೇಳಿತು. ೨೦೧೯ರಲ್ಲಿ ಘೋಷಿತವಾದ ಜಲ ಜೀವನ್ ಮಿಷನ್, ತಲಾ ದಿನಕ್ಕೆ ೫೫ ಲೀಟರ್ ನೀರನ್ನು ಮನೆಯ ನಲ್ಲಿಗೆ ತಲುಪಿಸುವ ಗುರಿಯೊಡನೆ, ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡಾ ೧೦ರಷ್ಟನ್ನೂ, ಗುಡ್ಡಗಾಡು ಪ್ರದೇಶಗಳಲ್ಲಿ ಹಾಗೂ ಪರಿಶಿಷ್ಟ ಜಾತಿ ಪಂಗಡಗಳವರು ಬಹುಸಂಖ್ಯೆಯಲ್ಲಿರುವ ಊರುಗಳಲ್ಲಿ ಶೇಕಡಾ ೫ರಷ್ಟನ್ನೂ ಸಮುದಾಯದ ಪಾಲಾಗಿ ನಿರೀಕ್ಷಿಸಿತು. ದುಡಿಮೆಯ ರೂಪದಲ್ಲಿಯೂ ಅದನ್ನು ಸಲ್ಲಿಸಬಹುದೆಂಬ ಅವಕಾಶ ಏರಿಗೆ ಮಣ್ಣು ಹೊತ್ತ ದಿನಗಳನ್ನು ನೆನಪಿಗೆ ತರುತ್ತದೆ. ಕರ್ನಾಟಕದಲ್ಲಿ ಈ ಯೋಜನೆಗೆ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿಟ್ಟಿರುವುದೂ ಯಾದೃಚ್ಛಿಕವೆನಿಸದು. ಕೊಳವೆಯಲ್ಲಿ ಬಂದರೂ ನೀರು ಜನರ ಮನಸ್ಸಿಗೆ ಗಂಗಮ್ಮನಾಗಿಯೇ ಒಳಬರಬೇಕೆಂಬುದನ್ನು ಹೆಸರಿಟ್ಟವರು ಬಲ್ಲರು.

ಮನೆ ಮಾರಾಟವಾದಾಗ ಈ ಹೊಣೆಗಳು ಹೇಗೆ ದಾಟುತ್ತವೆ? ಕೊಳ್ಳುವವರು ಮೊದಲು ಕೇಳುವುದು ಋಣಭಾರ ಪ್ರಮಾಣಪತ್ರವನ್ನು. ಭಾರವೆಂಬ ಪದ ಇರುವ ಕಾಗದ ಇದೊಂದೇ ಆದುದರಿಂದ ಎಲ್ಲ ಭಾರಗಳೂ ಅದರಲ್ಲಿ ಕಾಣುವುವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅದು ತೋರಿಸುವುದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾದ ಕ್ರಯ, ಅಡಮಾನ ಮೊದಲಾದ ವ್ಯವಹಾರಗಳನ್ನು ಮಾತ್ರ. ನೀರಿನ ಬಾಕಿ ಅದರೊಳಗೆ ಬರುವುದಿಲ್ಲ. ಅದು ಇರುವುದು ಪಂಚಾಯಿತಿಯ ಬೇಡಿಕೆ, ವಸೂಲಿ, ಬಾಕಿ ವಹಿಯಲ್ಲಿ. ೨೦೧೩ರಿಂದ ಜಾರಿಗೆ ಬಂದ ಇ-ಸ್ವತ್ತು ವ್ಯವಸ್ಥೆಯ ನಮೂನೆಗಳು ಮನೆಯ ಅಳತೆ, ಚಕ್ಕುಬಂದಿ, ಒಡೆತನಗಳನ್ನು ಸ್ಪಷ್ಟಪಡಿಸಿರುವುದು ದೊಡ್ಡ ಉಪಕಾರವೇ ಸರಿ; ಆದರೂ ನಲ್ಲಿಯ ಬಾಕಿಗಾಗಿ ಕೊಳ್ಳುವವರು ವಹಿಯನ್ನೇ ಕೇಳಿ ನೋಡಬೇಕು, ಬಾಕಿ ಇಲ್ಲವೆಂಬ ಬರಹವನ್ನು ಪಡೆಯಬೇಕು.

೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೫ನೆಯ ಪ್ರಕರಣದ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಮಾರಾಟದ ದಿನದವರೆಗಿನ ಸಾರ್ವಜನಿಕ ತೆರಿಗೆಗಳನ್ನು ಮಾರುವವರೂ ಆಮೇಲಿನವನ್ನು ಕೊಂಡವರೂ ತೆರಬೇಕು. ಇದು ಅವರಿಬ್ಬರ ನಡುವಿನ ಮಾತು. ತೆರಿಗೆ ವಸೂಲು ಮಾಡುವ ಸಂಸ್ಥೆ ಸ್ವತ್ತಿನ ಮೇಲೆಯೇ ಕೈ ಹಾಕಬಹುದೇ ಎಂಬುದು ಬೇರೆ ಪ್ರಶ್ನೆ. ಅಹಮದಾಬಾದ್ ನಗರಪಾಲಿಕೆ ಮತ್ತು ಹಾಜಿ ಅಬ್ದುಲ್ ಗಫೂರ್ ಪ್ರಕರಣದಲ್ಲಿ (೧೯೭೧) ಸರ್ವೋಚ್ಚ ನ್ಯಾಯಾಲಯವು, ಕಾನೂನು ಸ್ಪಷ್ಟವಾಗಿ ಬೇರೆ ವಿಧಿಸಿರದಿದ್ದರೆ, ಬಾಕಿಯ ಅರಿವಿಲ್ಲದೆ ಬೆಲೆ ಕೊಟ್ಟು ಕೊಂಡವರ ಸ್ವತ್ತಿನ ಮೇಲೆ ಹಳೆಯ ತೆರಿಗೆಯ ಭಾರವನ್ನು ಹೇರಲಾಗದೆಂದು ತೀರ್ಮಾನಿಸಿತು. ಅರಿವು ಎಂದರೆ ನೇರವಾಗಿ ತಿಳಿದಿರುವುದಷ್ಟೇ ಅಲ್ಲ, ವಿಚಾರಿಸಿದ್ದರೆ ತಿಳಿಯಬಹುದಾಗಿದ್ದುದೂ ಕೆಲವು ಸಂದರ್ಭಗಳಲ್ಲಿ ಅದರಲ್ಲಿ ಸೇರುತ್ತದೆ. ಭೂಕಂದಾಯದ ಬಾಕಿಯಾದರೋ ಜಮೀನಿನ ಮೇಲೆ ಅಗ್ರಭಾರವಾಗಿ ನಿಲ್ಲುತ್ತದೆ. ಕಣದಲ್ಲಿ ನೀರುಗಂಟಿ ನಿಂತಿರುತ್ತಿದ್ದ ಕಾಲದಲ್ಲಿ ಹುಟ್ಟಲು ಸಾಧ್ಯವಿಲ್ಲದಿದ್ದ ‘ಅರಿವಿಲ್ಲದ ಖರೀದಿದಾರ’ ಎಂಬ ವ್ಯಕ್ತಿಯನ್ನು ಕಾಗದದ ಆಡಳಿತ ಸೃಷ್ಟಿಸಿತು. ಆತನನ್ನು ರಕ್ಷಿಸುವ ಕೆಲಸವನ್ನು ನ್ಯಾಯಾಲಯ ಕೈಗೊಳ್ಳಬೇಕಾಯಿತು.

ಈ ಸಮಸ್ಯೆ ಈ ನಾಡಿಗೇ ಸೀಮಿತವಾದುದೇನಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ವಿಶೇಷವಾಗಿ ಹ್ಯೂಸ್ಟನ್ ನಗರದ ಹೊರವಲಯದಲ್ಲಿ, ಹೊಸ ಬಡಾವಣೆಗಳಿಗೆ ನೀರು, ಒಳಚರಂಡಿಗಳನ್ನು ಒದಗಿಸಲು ಜಲಸೌಲಭ್ಯ ಜಿಲ್ಲೆಗಳನ್ನು ರಚಿಸುತ್ತಾರೆ. ಇಲ್ಲಿ ಜಿಲ್ಲೆಯೆಂದರೆ ಆಡಳಿತದ ಜಿಲ್ಲೆಯಲ್ಲ. ಅಚ್ಚುಕಟ್ಟಿನಂತೆ ನೀರು ತಲುಪುವ ಪ್ರದೇಶವೇ ಅದರ ವ್ಯಾಪ್ತಿ. ಬಡಾವಣೆ ನಿರ್ಮಿಸಿದವರು ಮೊದಲು ವೆಚ್ಚ ಮಾಡುತ್ತಾರೆ. ಜಿಲ್ಲೆಯು ಸಾಲಪತ್ರಗಳನ್ನು ಹೊರಡಿಸಿ ಅವರಿಗೆ ಹಣ ತುಂಬಿಕೊಡುತ್ತದೆ. ಆ ಸಾಲವನ್ನು ಮನೆ ಕೊಂಡವರು ವರ್ಷವರ್ಷವೂ ಸ್ವತ್ತಿನ ಬೆಲೆಯ ಮೇಲಿನ ತೆರಿಗೆಯಾಗಿ ತೀರಿಸುತ್ತಾರೆ. ಬಳಸಿದ ನೀರಿನ ಶುಲ್ಕ ಇದಕ್ಕೆ ಹೊರತು. ಮನೆಯ ಬೆಲೆ ಅಗ್ಗವೆಂದು ಕಂಡರೂ ತೆರಿಗೆಯನ್ನು ಕೂಡಿಸಿದಾಗ ತಿಂಗಳ ಕಂತು ಹಿಗ್ಗುತ್ತದೆ. ಆದಕಾರಣ ಅಲ್ಲಿನ ಜಲಸಂಹಿತೆಯು, ಮಾರಾಟದ ಕರಾರು ಬದ್ಧವಾಗುವ ಮೊದಲೇ, ಜಿಲ್ಲೆಯ ತೆರಿಗೆಯ ದರ ಮತ್ತು ಸಾಲಪತ್ರಗಳ ಮೊತ್ತವನ್ನು ನಮೂದಿಸಿದ ತಿಳಿವಳಿಕೆ ಪತ್ರವನ್ನು ಕೊಳ್ಳುವವರಿಗೆ ಕೊಡಬೇಕೆಂದು ಮಾರುವವರನ್ನು ಕಟ್ಟುಪಡಿಸಿದೆ. ಕೊಡದಿದ್ದರೆ ಕೊಳ್ಳುವವರು ಕರಾರಿನಿಂದ ಹಿಂದೆ ಸರಿಯಬಹುದು. ಶಾಸನದ ಕಲ್ಲು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆ ಪತ್ರ ಮಾಡುತ್ತಿದೆ ಎನ್ನಬಹುದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಅನುಭವ ಬೆಂಗಳೂರಿನ ಹೊರವಲಯದ್ದು. ೨೦೦೦ದ ದಶಕದಲ್ಲಿ ಬೃಹತ್ ಬೆಂಗಳೂರು ನೀರು ಸರಬರಾಜು ಯೋಜನೆಗಾಗಿ ನಿವೇಶನದ ವಿಸ್ತೀರ್ಣವನ್ನು ಆಧರಿಸಿ ಮನೆಗಳವರಿಂದ ಮುಂಗಡ ವಂತಿಗೆಯನ್ನು ಸಂಗ್ರಹಿಸಲಾಯಿತು. ಹಣ ಕಟ್ಟಿದ ಎಷ್ಟೋ ಕಾಲದ ಮೇಲೆ ನೀರು ಕಂಡವರುಂಟು. ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು ೨೦೨೪ರ ಅಕ್ಟೋಬರಿನಲ್ಲಿ. ಈ ನಡುವಿನ ವರ್ಷಗಳಲ್ಲಿ ಅಲ್ಲಿ ಮನೆ ಕೊಂಡವರು ಟ್ಯಾಂಕರಿನ ನೀರಿಗೆ ತೆತ್ತ ಹಣ ಯಾವ ತೆರಿಗೆಯ ಹೆಸರನ್ನೂ ಹೊತ್ತಿರಲಿಲ್ಲ. ಆದರೂ ಅದು ಆ ಮನೆಗಳ ಬೆಲೆಯ ಭಾಗವೇ ಆಗಿತ್ತು.

ಕಡೂರಿನ ಕಡೆಗೆ ಮರಳಿದರೆ ಇನ್ನೆರಡು ಸಂಗತಿಗಳು ಉಳಿಯುತ್ತವೆ. ಮೊದಲನೆಯದು ಅಚ್ಚುಕಟ್ಟಿನ ನೆಲದಲ್ಲಿ ಏಳುವ ಮನೆಗಳದ್ದು. ಪಟ್ಟಣಗಳ ಅಂಚಿನಲ್ಲಿ ತರಿ ಜಮೀನು ಭೂಪರಿವರ್ತನೆಯಾಗಿ ನಿವೇಶನವಾದಾಗ ಪಹಣಿಯಿಂದ ತರಿ ಎಂಬ ಪದ ಅಳಿಯುತ್ತದೆ. ಆದರೆ ನೆಲದ ತಗ್ಗೂ ಕೋಡಿಯ ದಾರಿಯೂ ಅಳಿಯುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ನೀರು ತನ್ನ ಹಳೆಯ ಕಾಲುವೆಯನ್ನು ಹುಡುಕಿಕೊಂಡು ಬರುತ್ತದೆ. ನಿವೇಶನ ಕೊಳ್ಳುವವರು ಇಂದಿನ ಪಹಣಿಯ ಜೊತೆಗೆ ಹಳೆಯ ಪಹಣಿಯನ್ನೂ ಗ್ರಾಮನಕ್ಷೆಯನ್ನೂ ನೋಡಬೇಕೆಂದು ಅನುಭವಸ್ಥರು ಹೇಳುವುದು ಇದಕ್ಕಾಗಿಯೇ.

ಎರಡನೆಯದು ಊರೊಟ್ಟಿನ ಸಾಲದ್ದು. ಕೊಳವೆಬಾವಿಯ ನೀರನ್ನು ಮೇಲೆತ್ತುವುದು ವಿದ್ಯುತ್ತು, ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದನ್ನು ಒದಗಿಸುವುದು ಮೆಸ್ಕಾಂ. ರಾಜ್ಯದ ಗ್ರಾಮ ಪಂಚಾಯಿತಿಗಳು ನೀರಿನ ಪಂಪುಗಳಿಗಾಗಿ ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರುವ ಬಾಕಿ ಆಗಾಗ ವಿಧಾನಮಂಡಲದಲ್ಲಿಯೂ ಚರ್ಚೆಗೆ ಬರುವ ವಿಷಯ. ತಿಂಗಳ ನಲ್ಲಿ ದರ ಈ ವೆಚ್ಚಕ್ಕೆ ಸಾಲುವುದಿಲ್ಲ, ಅದೂ ಪೂರ್ತಿಯಾಗಿ ವಸೂಲಾಗುವುದಿಲ್ಲ. ಅಂತರ್ಜಲ ಕುಸಿದಂತೆ ಕೊಳವೆ ಆಳಕ್ಕಿಳಿಯುತ್ತದೆ, ಪಂಪಿನ ಬಲ ಹೆಚ್ಚಬೇಕಾಗುತ್ತದೆ, ವಿದ್ಯುತ್ತಿನ ಲೆಕ್ಕ ಬೆಳೆಯುತ್ತದೆ. ಈ ಬಾಕಿ ಯಾವ ಒಂದು ಮನೆಯ ಖಾತೆಯಲ್ಲಿಯೂ ಇರುವುದಿಲ್ಲವಾದ್ದರಿಂದ ಬಾಕಿ ಇಲ್ಲವೆಂಬ ಪತ್ರವನ್ನು ಪಡೆದವರಿಗೂ ಅದು ಕಾಣುವುದಿಲ್ಲ. ಮುಂದೊಂದು ದಿನ ದರ ಪರಿಷ್ಕರಣೆಯ ರೂಪದಲ್ಲಿ ಹಳಬರಿಗೂ ಹೊಸಬರಿಗೂ ಒಟ್ಟಿಗೆ ತಟ್ಟುತ್ತದೆ. ಆ ಲೆಕ್ಕ ಬಹಿರಂಗವಾಗಿ ಓದಲ್ಪಡಬೇಕಾದ ಸ್ಥಳ ಗ್ರಾಮಸಭೆ. ಪಂಚಾಯಿತಿಯ ಜಮಾ ಖರ್ಚನ್ನು ಅಲ್ಲಿ ಓದಿ ಹೇಳಲಾಗುತ್ತದೆ, ಸಭೆಯ ದಿನವನ್ನು ತಿಳಿಸಲು ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಡಂಗುರ ಹೊಡೆಸುತ್ತಾರೆ. ಮನೆ ಕೊಳ್ಳುವ ಯೋಚನೆಯಿರುವವರು ಆ ದಿನ ಊರಿನಲ್ಲಿದ್ದರೆ, ಕ್ರಯಪತ್ರದ ಅಷ್ಟಭೋಗಗಳಲ್ಲಿ ಸೇರಿರದ ಆ ಭಾರದ ಮೊತ್ತವನ್ನು ಕಿವಿಯಾರೆ ಕೇಳಿಕೊಳ್ಳಬಹುದು.